ಎಂಜಲಿನ ನೂಲು

ಅಂಗಿಯನ್ನು ಮುಳ್ಳುಪೊದೆಯ ಮೇಲೆ ಹರಡಿ ಎರಡೂ ತೋಳುಗಳನ್ನು ಅಗಲಿಸಿದಾಗ ಅದು ಅಂಗಾತ ಮಲಗಿದ ಹೆಂಗಸಿನಂತೆ ಕಂಡಿತು. ಎಲ್ಸ್‌ಪೆತ್ ಒಂದು ತೋಳನ್ನು ಮಡಚಿ ಒಳಗೆ ಸೇರಿಸಿದಳು. ಈಗ ಅದು ಬರೀ ಬಟ್ಟೆ. ಟೋಪಿ, ಕಾಲುಚೀಲ, ಗಲ್ಲ ಕಟ್ಟುವ ಪಟ್ಟಿ ಆಗಲೇ ಬಿಸಿಲಿಗೆ ಬಿದ್ದಿದ್ದವು. ಬುಟ್ಟಿಯ ತಳದಲ್ಲಿ ಉಳಿದದ್ದು ಹೊದಿಕೆ ಒಂದೇ. ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು, ಪ್ರತಿ ವರ್ಷದ ಹಾಗೆ. ಬಾರ್ಲಿ ಬಿತ್ತಿ ಮುಗಿದ ಮೇಲೆ ಬರುವ ಮೊದಲ ಒಣ ದಿನ ಈ ಸೀಮೆಯ ಮನೆಮನೆಯ ಪೆಟ್ಟಿಗೆಯಿಂದಲೂ ಸಾವಿನ ಬಟ್ಟೆಗಳು ಹೊರಗೆ ಬರುತ್ತವೆ. ಗುಡ್ಡದ ಆಚೆಯ ಬೇಲಿಗಳ ಮೇಲೂ ಬೆಳ್ಳಗೆ ಕಾಣುತ್ತಿತ್ತು. ಹೆಂಗಸರು ಬೇಲಿ ದಾಟಿ ಬಂದು ಒಬ್ಬರದನ್ನೊಬ್ಬರು ಮುಟ್ಟಿ ನೋಡುತ್ತಾರೆ, ನಿನ್ನದು ಇನ್ನೂ ಹಳದಿ ತಿರುಗಿಲ್ಲವಲ್ಲೇ ಎಂದು ಹೊಗಳುತ್ತಾರೆ. ಮದುವೆಯ ಬಟ್ಟೆಬರೆಯ ಮಾತಿನಷ್ಟೇ ಹಗುರವಾಗಿ ನಡೆಯುವ ಮಾತು ಅದು. ಎಲ್ಸ್‌ಪೆತ್ ಮಾತ್ರ ಹೊದಿಕೆಯನ್ನು ಹರಡುವಾಗ ಅದರ ಕಾಲ್ತುದಿಯನ್ನು ಪೊದೆಯ ಒಳಮುಳ್ಳಿಗೆ ಸಿಕ್ಕಿಸಿ ಹಳ್ಳದ ಕಡೆಗೆ ತಿರುಗಿಸುತ್ತಾಳೆ, ದಾರಿಯಲ್ಲಿ ಹೋಗುವವರಿಗೆ ಕಾಣದಂತೆ. ಅದಕ್ಕೇ ಬಟ್ಟೆ ಒಣಹಾಕಲು ಅವಳು ಅಂಗಳದ ಬೇಲಿ ಬಿಟ್ಟು ಈ ಮೂಲೆಗೆ ಬರುವುದು.

ಹೊಲದ ಈ ಮೂಲೆಗೆ ನೇಗಿಲು ಬರುವುದಿಲ್ಲ. ಗಂಡ ಗಿಬ್‌ನ ಮುತ್ತಜ್ಜನ ಕಾಲದಿಂದಲೂ ಇಲ್ಲ. ಹೆಸರು ಹೇಳಬಾರದವನಿಗೆ, ದೇವರ ವೈರಿಗೆ ಬಿಟ್ಟುಕೊಟ್ಟ ಜಾಗ. ‘ಒಡೆಯನ ಮೂಲೆ’ ಎನ್ನುತ್ತಾರೆ, ಅದೂ ಮೆಲ್ಲಗೆ. ಪಾದ್ರಿ ವರ್ಷಕ್ಕೊಮ್ಮೆ ವೇದಿಕೆಯಿಂದ ಭೂಮಿಗೆಲ್ಲ ಒಬ್ಬನೇ ಒಡೆಯ ಎಂದು ಗುಡುಗುತ್ತಾರೆ. ಗಂಡಸರು ತಲೆಯಾಡಿಸುತ್ತಾರೆ, ಸೋಮವಾರ ನೇಗಿಲು ಹಿಡಿದು ಹೋದಾಗ ಅದೇ ಕಲ್ಲಿನ ಹತ್ತಿರ ಕುದುರೆಗಳನ್ನು ತಿರುಗಿಸುತ್ತಾರೆ. ಕೇಳಿದರೆ, ಅಲ್ಲಿ ಬಂಡೆ ಜಾಸ್ತಿ ಎನ್ನುತ್ತಾರೆ. ಮೇ ತಿಂಗಳಿಗೆ ಪೊದೆಯೆಲ್ಲ ಹಳದಿ ಹೂವಾಗುತ್ತದೆ, ಎಳೆಬಿಸಿಲಿಗೆ ಅದರಿಂದ ಬೆಣ್ಣೆಯಂಥ ವಾಸನೆ ಬರುತ್ತದೆ. ಮೀನುಗಾರರ ಊರಿನಿಂದ ಬಂದ ಎಲ್ಸ್‌ಪೆತ್‌ಗೆ ಈ ಒಡೆಯನ ಭಯ ಅಷ್ಟಾಗಿ ಹತ್ತಿರಲಿಲ್ಲ. ಅವಳ ಊರಿನವರ ಭಯಗಳೆಲ್ಲ ನೀರಿನವು.

ಮನೆಯೊಳಗಿಂದ ಕೋಲಿನ ಸದ್ದು ಕೇಳಿಸಿತು. ಅತ್ತೆ ಗ್ರಿಜೆಲ್ ಗೋಡೆಯೊಳಗಿನ ಪೆಟ್ಟಿಗೆಮಂಚದ ಹಲಗೆಗೆ ಬಡಿಯುತ್ತಿದ್ದಳು. ಬೆಳಿಗ್ಗೆಯೇ ಅಪ್ಪಣೆಯಾಗಿತ್ತು: ಈ ವರ್ಷ ಒಣಗಿದ್ದನ್ನು ಹಾಗೇ ಪೆಟ್ಟಿಗೆಗೆ ಸೇರಿಸುವುದು ಬೇಡ, ಬಿಸಿ ಆರುವ ಮುಂಚೆ ಒಂದೊಂದಾಗಿ ತನ್ನ ಮಡಿಲಿಗೆ ತರಬೇಕು, ಮಗಳು ಬಾಥಿಯಾ ಬರುತ್ತಾಳೆ, ಇಬ್ಬರೂ ಮುಟ್ಟಿ ನೋಡಬೇಕು. ಕಾಲು ಸ್ವಾಧೀನ ತಪ್ಪಿ ಬಿದ್ದಾಗಿನಿಂದ ಅತ್ತೆ ಮಂಚ ಇಳಿದಿಲ್ಲ. ಕಣ್ಣಿಗೂ ಪೊರೆ ಬಂದಿದೆ. ಆದ್ದರಿಂದ ಅತ್ತೆಯ ಈ ಸಾವಿನ ಬಟ್ಟೆಗಳನ್ನು ತೆಗೆಯುವುದು, ಒಣಗಿಸುವುದು, ವಾಸನೆ ಸೊಪ್ಪು ಹಾಕಿ ಮಡಚಿಡುವುದು ಎಲ್ಲ ಎಲ್ಸ್‌ಪೆತ್‌ಳ ಕೈಗೇ ಬಂದು, ಮಡಿಕೆಯನ್ನು ಹೇಗೆ ಇಡಬೇಕೆಂಬುದು ಅವಳ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಮೇಲಿನ ಅಂಚು ಹೊರಗೆ, ಕೆಳಗಿನದು ಒಳಗೆ. ಇವತ್ತು ಆ ಅಭ್ಯಾಸದಿಂದ ಏನೂ ಉಪಯೋಗವಿಲ್ಲ ಎಂದು ಗೊತ್ತಿದ್ದೂ ಅವಳು ಹೊದಿಕೆಯನ್ನು ಹಾಗೆಯೇ ಮಡಚಿದಳು.

ಮದುವೆಯಾಗಿ ಬಂದ ದಿನ ಅವಳ ಪೆಟ್ಟಿಗೆ ತೆರೆದು ನೋಡಿ ಗ್ರಿಜೆಲ್ ಮೊದಲು ಕೇಳಿದ್ದು ಇದನ್ನೇ: ನಿನ್ನ ಸಾವಿನ ಬಟ್ಟೆ ಎಲ್ಲಿ? ಬಂದ ನೆಂಟರ ಎದುರಿಗೆ. ಹುಡುಗಿಯೊಬ್ಬಳು ಮದುವೆಯ ಹೊಲಿಗೆಗೆ ಕೂತಾಗ ಮೊದಲು ತನ್ನದನ್ನು, ಆಮೇಲೆ ಗಂಡನದನ್ನು ಹೊಲಿಯಬೇಕು, ಉಳಿದದ್ದು ಆಮೇಲೆ. ಅವಳ ಊರಿನಲ್ಲಿ ಹಾಗಿಲ್ಲ. ಸಮುದ್ರಕ್ಕೆ ಹೋಗುವವರ ಮನೆಯಲ್ಲಿ ಸಾವಿನ ಬಟ್ಟೆ ಹೊಲಿದಿಡುವುದಿಲ್ಲ. ಹೊಲಿದಿಟ್ಟರೆ ಸಮುದ್ರ ಕೇಳಿಸಿಕೊಳ್ಳುತ್ತದೆ. ಅಪ್ಪ ತೊಟ್ಟ ಉಣ್ಣೆಯಂಗಿಯಲ್ಲೇ ಹೋದ, ಅಣ್ಣ ಸಿಗಲೇ ಇಲ್ಲ. ಇದನ್ನು ಹೇಳಲು ಹೋಗಿ ಅವಳ ಬಾಯಿ ಒಣಗಿತ್ತು. ಗ್ರಿಜೆಲ್ ನೆಂಟರ ಕಡೆ ತಿರುಗಿ, ಸಾಯುವುದಕ್ಕೆ ಒಂದು ಅಂಗಿಯೂ ಇಲ್ಲದ ಸೊಸೆ ಬಂದಳು ನೋಡಿ, ಇವಳು ನಮ್ಮನ್ನೆಲ್ಲ ಕಳಿಸಿಯೇ ಹೋಗುವವಳು ಎಂದು ನಕ್ಕಿದ್ದಳು. ಆಮೇಲೆ ಎಲ್ಸ್‌ಪೆತ್ ಬುಟ್ಟಿ ಹೊತ್ತು ಬರುವ ವ್ಯಾಪಾರಿಯಿಂದ ಗಿರಣಿಯ ಹತ್ತಿಬಟ್ಟೆ ಕೊಂಡು ತನ್ನದೊಂದನ್ನು ಹೊಲಿದಿಟ್ಟಳು. ಅದನ್ನು ಮುಟ್ಟಿದ ಅತ್ತೆ ಬೆರಳುಗಳನ್ನು ಪಾವಡೆಯ ಅಂಚಿಗೆ ಒರೆಸಿಕೊಂಡಳು. ಆದರೂ ಅದೇ ಚಳಿಗಾಲದಲ್ಲಿ ಅವಳನ್ನು ರಾಟೆಯ ಮುಂದೆ ಕೂರಿಸಿ ಅಗಸೆನಾರು ನೂಲುವುದನ್ನು ಕಲಿಸಿದವಳೂ ಅವಳೇ. “ಎಂಜಲು ಹಚ್ಚು, ಉಪ್ಪುನೀರಿನವಳೇ. ಒಣಬೆರಳಿಗೆ ನಾರು ಒಲಿಯಲ್ಲ.” ನಾಲಗೆಗೆ ಬೆರಳು ತಾಗಿಸಿ, ನಾರಿಗೆ ತಾಗಿಸಿ, ಮತ್ತೆ ನಾಲಗೆಗೆ. ಸಂಜೆಯ ಹೊತ್ತಿಗೆ ತುಟಿ ಒಡೆದು ಬಾಯೆಲ್ಲ ಹುಲ್ಲಿನ ರುಚಿಯಾಗುತ್ತಿತ್ತು. ಹೀಗೆ ನೂತ ನೂಲು ನೂತವಳದ್ದೇ ಎಂದು ಅತ್ತೆ ಹೇಳಿದ್ದು ಆಗಲೇ. ಅದರಲ್ಲಿ ಅವಳ ಬಾಯಿಯ ನೀರು ಇರುತ್ತದೆ, ಉಸಿರು ಇರುತ್ತದೆ. ಅದನ್ನು ಇನ್ನೊಬ್ಬರ ಹೆಣದ ಜೊತೆ ಮಣ್ಣಿಗೆ ಹಾಕಬಾರದು. ಹಿಟ್ಟಿನ ಗಿರಣಿಯವನ ವಿಧವೆ ಗಂಡನ ಮೇಲಿನ ಪ್ರೀತಿಗೆ ತಾನು ನೂತ ಶಾಲನ್ನು ಅವನ ಶವಪೆಟ್ಟಿಗೆಯೊಳಗೆ ಇಟ್ಟಳು. ಶಾಲು ಒಳಗೆ ಕೊಳೆಯುತ್ತಾ ಹೋದ ಹಾಗೆ ಅವಳು ಹೊರಗೆ ಒಣಗುತ್ತಾ ಹೋದಳು. ರಾಟೆ ನಿಲ್ಲಿಸದೆ ಹೇಳಿದ ಕಥೆ.

ಬಾಥಿಯಾ ಆಗಲೇ ಬಂದು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ಪಾವಡೆ ಎತ್ತಿಕೊಂಡು ಕಾಲು ಕಾಯಿಸುತ್ತಿದ್ದಳು. ಗಿಬ್‌ನ ಅಕ್ಕ, ಕಣಿವೆಯ ಕೆಳಗಿನ ದೊಡ್ಡ ಹೊಲಮನೆಗೆ ಕೊಟ್ಟದ್ದು. ಎಲ್ಲಿ ಕೂತರೂ ಆ ಮನೆ ತನ್ನದೇ ಎಂಬಂತೆ ತುಂಬಿಕೊಂಡು ಕೂರುವವಳು, ನಗುವಿನಲ್ಲಿ ಕೆಟ್ಟತನವಿಲ್ಲ, ಒಳ್ಳೆಯತನವೂ ಇಲ್ಲ. ಅವಳೇ ಅಂಗಿಯನ್ನು ತಾಯಿಯ ಮಡಿಲಿಗಿಟ್ಟಳು. ಗ್ರಿಜೆಲ್ ಹೊಲಿಗೆಯ ಮೇಲೆ ಬೆರಳೋಡಿಸಿ, ಇದು ನಿನ್ನಪ್ಪ ಕಣ ಒಕ್ಕುತ್ತಿದ್ದಾಗ ಹೊಲಿದ ಕಡೆ, ಇದು ನೀನು ಹೊಟ್ಟೆಯಲ್ಲಿದ್ದಾಗ ಬಿಚ್ಚಿ ಮತ್ತೆ ಹೊಲಿದ ಕಡೆ ಎಂದು ಹೇಳುತ್ತಾ ಹೋದಳು. ಅವಳ ಮುಖದಲ್ಲಿ ಸಂತೋಷವಿತ್ತು. ಎಲ್ಸ್‌ಪೆತ್ ಅವರಿಗೆ ಬೆನ್ನು ಹಾಕಿ ಓಟ್ ಹಿಟ್ಟಿನ ರೊಟ್ಟಿಯನ್ನು ಬಿಸಿಕಲ್ಲಿನ ಮೇಲೆ ತಿರುವಿ ಹಾಕಿದಳು. ರೊಟ್ಟಿಯ ಅಂಚು ಎದ್ದು ಬಾಗುತ್ತಿತ್ತು. ಈಗ, ಈಗ ಎಂದುಕೊಂಡಳು. ಹೊದಿಕೆ ಬಿಚ್ಚಿದ ಸದ್ದು ಬೆನ್ನಿಗೇ ಕೇಳಿಸಿತು, ಯಾರೋ ಹಾಸಿಗೆ ಕೊಡವಿದ ಹಾಗೆ.

“ಅಮ್ಮಾ, ನಿನ್ನ ಕಾಲೆಲ್ಲಿ ಹೋಯ್ತು?” ಎಂದಳು ಬಾಥಿಯಾ. “ನೋಡಿಲ್ಲಿ. ಮುಖ ಮುಚ್ಚಿದ್ರೆ ಕಾಲು ಹೊರಗೆ, ಕಾಲು ಮುಚ್ಚಿದ್ರೆ ಮುಖ ಹೊರಗೆ. ಒಳ್ಳೇದೇ ಆಯ್ತು ಬಿಡು, ಕೊನೇ ದಿನ ಕಹಳೆ ಊದಿದಾಗ ಬಿಚ್ಚಿಕೊಳ್ಳೋದೇ ಬೇಡ, ಎಲ್ಲರಿಗಿಂತ ಮುಂಚೆ ಎದ್ದು ಓಡ್ತೀಯ.”

ಗ್ರಿಜೆಲ್ ನಗಲಿಲ್ಲ. ಕೈಚಾಚಿ ಬಟ್ಟೆಯ ಅಂಚನ್ನು ತೆಗೆದುಕೊಂಡಳು. ಒಂದು ತುದಿಯಿಂದ ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆಯುತ್ತಾ ಹೋದಳು, ನಿಧಾನವಾಗಿ, ಹೊಲಿಗೆಯ ಮಡಿಕೆ ಇರಬೇಕಾದ ಕಡೆ ಬರೀ ಎಳೆಗಳು ಬಿಟ್ಟುಕೊಂಡಿರುವುದನ್ನು ಎಣಿಸುವವಳಂತೆ. ಇನ್ನೊಂದು ತುದಿ ತಲುಪಿದ ಮೇಲೆ ಮತ್ತೆ ವಾಪಸ್ಸು ಬಂದಳು. ರೊಟ್ಟಿ ಸೀಯುವ ವಾಸನೆ ಬಂತು. ಎಲ್ಸ್‌ಪೆತ್‌ಗೆ ಕೈಯೆತ್ತಲಾಗಲಿಲ್ಲ.

“ಇಲಿ” ಎಂದಳು ಗ್ರಿಜೆಲ್.

ಬಾಥಿಯಾ ಹೌದೌದು, ತನ್ನ ಮನೆಯಲ್ಲೂ ಕುದುರೆಯ ಜೀನನ್ನು ತಿಂದು ಹಾಕಿವೆ ಎಂದು ಶುರುಮಾಡಿ, ಬೆಕ್ಕು ಮರಿ ಹಾಕಿದೆ ಒಂದನ್ನು ಕಳಿಸುತ್ತೇನೆ ಎಂದು, ಈ ಮನೆಯಲ್ಲಿ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇನೋ ಎಂದು ಎಲ್ಸ್‌ಪೆತ್‌ಳ ಬೆನ್ನಿಗೆ ಒಂದು ಮಾತು ಎಸೆದು, ಸೀದ ರೊಟ್ಟಿಯನ್ನು ಬಿಟ್ಟು ಒಳ್ಳೆಯದನ್ನು ಆರಿಸಿ ಬೆಣ್ಣೆ ಹಚ್ಚಿಕೊಂಡು ತಿಂದು, ಹಸು ಕರೆಯುವ ಹೊತ್ತಿಗೆ ಮನೆ ಸೇರಬೇಕೆಂದು ಹೊರಟಳು. ಅವಳ ಹೆಜ್ಜೆ ಅಂಗಳದ ಕಲ್ಲು ದಾಟಿತು. ಕೋಳಿಯೊಂದು ಹೊಸ್ತಿಲವರೆಗೆ ಬಂದು ಒಳಗೆ ಇಣುಕಿ ಹೋಯಿತು.

“ಇಲಿ ಕತ್ತರಿ ಹಿಡಿಯಲ್ಲ” ಎಂದಳು ಗ್ರಿಜೆಲ್. ದನಿ ಏರಿರಲಿಲ್ಲ. “ಚೀಲದೊಳಗೆ ಹಾಕಿದೆಯಾ?”

“ಹೂಂ, ಅತ್ತೆ.”

“ನಾನು ಹಿತ್ತಿಲಿಗೆ ಹೋಗಿದ್ದಾಗ.”

“ಹೂಂ.”

ಅಷ್ಟೇ. ಇಷ್ಟು ವರ್ಷ ಈ ಮಾತಿಗೆ ಹೆದರಿ ಅವಳು ಕಟ್ಟಿಕೊಂಡಿದ್ದ ಉತ್ತರಗಳೆಲ್ಲ ಬೇಕಾಗಲೇ ಇಲ್ಲ. ಅವಳಿಗೆ ಹೆರಿಗೆನೋವು ಬಂದದ್ದು ಕೊಯ್ಲಿನ ಕೊನೆಯ ವಾರ. ಮಳೆ ಮೋಡ ಕಟ್ಟಿ, ನಡೆಯಲಾಗುವವರೆಲ್ಲ ಹೊಲದಲ್ಲಿದ್ದರು. ಮನೆಯಲ್ಲಿದ್ದದ್ದು ಅವಳು ಮತ್ತು ಅತ್ತೆ. ಗ್ರಿಜೆಲ್‌ಳ ಕೈಗೆ ಹೆರಿಗೆಯ ಕೆಲಸ ಗೊತ್ತಿತ್ತು, ಒರಟಾದರೂ ತಪ್ಪದ ಕೈ. ಹೆಣ್ಣುಮಗು. ಅಳಲಿಲ್ಲ. ಅತ್ತೆ ಅದನ್ನು ತಲೆಕೆಳಗು ಮಾಡಿ ಬಡಿದಳು, ತಣ್ಣೀರಿಗೂ ಬಿಸಿನೀರಿಗೂ ಅದ್ದಿದಳು, ಕೊನೆಗೆ ಅದರ ಬಾಯಿಗೆ ಬಾಯಿಟ್ಟು ಊದಿದಳು, ಕೆನ್ನೆ ಉಬ್ಬಿಸಿಕೊಂಡು, ಬಹಳ ಹೊತ್ತು, ಬೆಂಕಿ ಹೊತ್ತಿಸಲು ಹಟ ಹಿಡಿದವಳಂತೆ. ಆಮೇಲೆ ತುಟಿ ಒರೆಸಿಕೊಂಡು, ಇದಕ್ಕೆ ದೀಕ್ಷಾಸ್ನಾನದ ನೀರು ಬಿದ್ದಿಲ್ಲ, ಹೆಸರಿಲ್ಲ, ಚರ್ಚಿನ ಗೋಡೆಯೊಳಗೆ ಜಾಗವಿಲ್ಲ ಎಂದಳು. ಗಿಬ್ ಹೊಲದಿಂದ ಬಂದು ಬಾಗಿಲಲ್ಲಿ ನಿಂತಿದ್ದ, ತಲೆಯ ಮೇಲೆ ಇನ್ನೂ ಹುಲ್ಲು. ಹಿಟ್ಟಿನ ಚೀಲ ಒಂದು ಕೊಡವಿ ತರುತ್ತೇನೆ ಎಂದು ಅತ್ತೆ ಹಿತ್ತಿಲಿಗೆ ಹೋದಳು, ಗಿಬ್ ಸನಿಕೆ ಹುಡುಕಲು ಕೊಟ್ಟಿಗೆಗೆ. ಎಲ್ಸ್‌ಪೆತ್ ಎದ್ದಳು. ಎದ್ದದ್ದು ಹೇಗೆ ಎಂದು ಈಗಲೂ ಅವಳಿಗೆ ತಿಳಿಯುವುದಿಲ್ಲ, ಕಾಲಿನ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು. ತನ್ನ ಗಿರಣಿಬಟ್ಟೆಯ ಮೇಲೆ ಕೈಯಿಟ್ಟದ್ದು ನೆನಪಿದೆ. ಅದು ಗಂಜಿಯಿಂದ ಗಡುಸಾಗಿತ್ತು. ಅತ್ತೆಯದು ಎಷ್ಟೋ ಮೇ ತಿಂಗಳುಗಳ ಬಿಸಿಲಿಗೆ ಹಾಲಿನಂತೆ ಮೆತ್ತಗಾಗಿತ್ತು. ಅದೊಂದೇ ಕಾರಣ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಾ ಬಂದಿದ್ದಾಳೆ. ಮೆತ್ತಗಿತ್ತು, ಅದಕ್ಕೆ. ಆದರೆ ಕತ್ತರಿ ಬಟ್ಟೆಯೊಳಗೆ ಹೋದಾಗ ರಾಟೆಯ ಮುಂದಿನ ಕಥೆ ಅವಳಿಗೆ ನೆನಪಿರಲಿಲ್ಲವೇ? ಇತ್ತು. ಪೂರ್ತಿಯಾಗಿ ನೆನಪಿತ್ತು. ಕತ್ತರಿ ನೇರವಾಗಿ ಓಡಿತು. ಆ ತುಂಡು ಸುತ್ತಿದ ಮಗುವನ್ನು ಚೀಲಕ್ಕೆ ಇಳಿಸಿದವಳೂ ಅವಳೇ.

ಮೊದಲ ಹಿಮ ಬೀಳುವ ಮುಂಚೆ ಅತ್ತೆಯ ಕಾಲು ಬಿತ್ತು.

“ಅವತ್ತಿಂದ ತಣ್ಣಗಿದೆ” ಎಂದು ಗ್ರಿಜೆಲ್ ಕಂಬಳಿಯ ಮೇಲಿಂದ ತನ್ನ ಮಂಡಿಗಳನ್ನು ಸವರಿಕೊಂಡಳು. “ಎಷ್ಟು ಬೆಂಕಿ ಹಾಕಿದ್ರೂ ತಣ್ಣಗೆ. ಪಾದ್ರಿ ಬಂದು ದೇವರ ಚಿತ್ತ ಅಂದ್ರು, ನಾನೂ ಹೂಂ ಅಂದೆ. ದೇವರದ್ದಾದ್ರೆ ಮುಗೀತು ಅಂತ ಸುಮ್ಮನಿದ್ದೆ.” ಆಮೇಲೆ “ತಂದು ಕೊಡು” ಎಂದಳು.

ಎಲ್ಸ್‌ಪೆತ್‌ಗೆ ಮೊದಲು ಅರ್ಥವಾಗಲಿಲ್ಲ. ಸೀದ ರೊಟ್ಟಿಯನ್ನು ಕಲ್ಲಿನಿಂದ ಕೆರೆಯುತ್ತಿದ್ದಳು.

“ಅದನ್ನ ತೆಗೆದು ತಂದು ನನ್ನ ಕೈಗೆ ಕೊಡು. ನಾನೇ ಒಲೆಗೆ ಹಾಕ್ತೀನಿ. ಸುಟ್ಟರೆ ಬಿಡುತ್ತೆ. ಪೂರ್ತಿ ಕೊಳೆಯೋಕೆ ಮುಂಚೆ ಸುಟ್ಟರೆ ಬಿಡುತ್ತೆ, ನನಗೆ ಗೊತ್ತು.”

“ಅತ್ತೆ, ಅದರ ಮೈಮೇಲಿಂದ...”

“ಅದಕ್ಕೇನು ಗೊತ್ತಾಗುತ್ತೆ? ಚೀಲ ಇದೆಯಲ್ಲ ಅದಕ್ಕೆ.” ಅವಳ ಕೈ ಗಾಳಿಯಲ್ಲಿ ಹುಡುಕಿ ಎಲ್ಸ್‌ಪೆತ್‌ಳ ಮುಂಗೈಯನ್ನು ಹಿಡಿಯಿತು, ಹಕ್ಕಿಯ ಕಾಲಿನಂಥ ಹಿಡಿತ. “ನನಗೆ ಸಾಯೋಕೆ ಭಯ ಕಣೇ. ಇಷ್ಟು ವರ್ಷ ಅದನ್ನ ಬಿಸಿಲಿಗೆ ಹಾಕಿ ಮಡಚಿ ಇಟ್ಟೆ, ಎಲ್ಲಾ ತಯಾರಿದೆ ಅಂದ್ಕೊಂಡಿದ್ದೆ. ತಯಾರಿಲ್ಲ. ಭಾನುವಾರದ ಸಬ್ಬತ್‌ನೊಳಗೆ ತಂದುಕೊಡು. ಇಲ್ಲ ಅಂದ್ರೆ ಗಿಬ್‌ಗೆ ಹೇಳ್ತೀನಿ. ಅವನು ನನಗೆ ಯಾವತ್ತು ಆಗಲ್ಲ ಅಂದಿದ್ದಾನೆ?”

ಯಾವತ್ತೂ ಅಂದಿರಲಿಲ್ಲ. ಗಿಬ್‌ಗೆ ಬುತ್ತಿ ಕಟ್ಟಿಕೊಂಡು ಜೌಗಿನ ಕಡೆ ನಡೆಯುವಾಗ ಎಲ್ಸ್‌ಪೆತ್ ಯೋಚಿಸುತ್ತಿದ್ದದ್ದು ಅದನ್ನೇ. ಅತ್ತೆಯ ಭಯವನ್ನು ನೋಡಿ ತನಗೆ ಏನಾಯಿತು ಎಂದು ಕೇಳಿಕೊಂಡಳು. ಕನಿಕರವೇ? ಪ್ರತಿದಿನ ಆ ದೇಹವನ್ನು ಎತ್ತಿ ಕೂರಿಸುವವಳು ಅವಳು, ಒಣಗಿದ ತೊಡೆಗಳನ್ನು ಒರೆಸುವವಳು, ಬಿಸಿನೀರಿನಲ್ಲಿ ಹಿಟ್ಟು ಕಲಸಿ ತುತ್ತು ಕೊಡುವವಳು. ಎತ್ತುವಾಗ ಮುದುಕಿ ಕತ್ತಿಗೆ ತೋಳು ಹಾಕಿ ಜೋತುಬೀಳುತ್ತಾಳೆ, ಉಸಿರು ಕಿವಿಗೆ ತಾಗುತ್ತದೆ. ನೆರೆಹೊರೆಯವರು ಇಂಥ ಸೊಸೆ ಸಿಗಬೇಕು ಎನ್ನುತ್ತಾರೆ. ಅವರಿಗೆ ಗೊತ್ತಿಲ್ಲ, ಕೆಲವು ಬೆಳಗುಗಳಲ್ಲಿ ಮಂಚದ ಬಾಗಿಲು ಸರಿಸುವ ಮುನ್ನ ಅವಳು ನಿಂತು ಕಿವಿಗೊಟ್ಟು ಕೇಳುತ್ತಾಳೆ, ಒಳಗೆ ಉಸಿರಿದೆಯೇ ಎಂದು. ಇದೆ ಎಂದು ಗೊತ್ತಾದಾಗ ಆಗುವುದು ಸಮಾಧಾನವೋ ಬೇಸರವೋ ಎಂದು ಬೇರ್ಪಡಿಸಿ ನೋಡುವ ಧೈರ್ಯ ಬಂದಿಲ್ಲ. ಇದು ತನ್ನ ಕೆಲಸ, ತಾನೇ ಶುರುಮಾಡಿದ್ದು ಎಂಬಂಥ ಒಂದು ಭಾವ ಮಾತ್ರ ಇರುತ್ತದೆ. ಹಾಗಾದರೆ ಈ ಸೇವೆಯೆಲ್ಲ ಏನು? ಇನ್ನೊಬ್ಬಳನ್ನು ನಿಧಾನವಾಗಿ ಮಣ್ಣಿಗೆ ಇಳಿಸುತ್ತಿರುವವಳು ಹಗ್ಗ ಕೈಯನ್ನು ಉಜ್ಜದಿರಲೆಂದು ಸುತ್ತಿಕೊಂಡ ಬಟ್ಟೆಯೇ?

ಗಿಬ್ ಜೌಗಿನ ಗುಂಡಿಯೊಳಗೆ ನಿಂತು ಕರಿಮಣ್ಣನ್ನು ಇಟ್ಟಿಗೆಗಳಂತೆ ಕತ್ತರಿಸಿ ದಡಕ್ಕೆ ಎಸೆಯುತ್ತಿದ್ದ, ಮುಂದಿನ ಚಳಿಗಾಲದ ಉರುವಲು. ಅವನ ತಲೆ ಅವಳ ಪಾದದ ಮಟ್ಟಕ್ಕಿತ್ತು. ಮೇಲೆ ಹತ್ತದೆ ಅಲ್ಲಿಂದಲೇ ಕೈನೀಡಿ ರೊಟ್ಟಿ, ಗಿಣ್ಣು, ಮಜ್ಜಿಗೆಯ ತಂಬಿಗೆ ತೆಗೆದುಕೊಂಡ. ಕತ್ತರಿಸಿದ ಗೋಡೆಯಿಂದ ಕಂದು ನೀರು ಜಿನುಗಿ ಅವನ ಬೂಟಿನ ಸುತ್ತ ನಿಂತಿತ್ತು. ಅವಳು ಸುತ್ತಿ ಬಳಸಿ ಕೇಳುವವಳಲ್ಲ.

“ಅವತ್ತು ಅದನ್ನ ಎಲ್ಲಿ ಹಾಕಿದೆ?”

ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ, ಆದರೆ ನಿಧಾನ ಮಾಡಿದ. ಯಾವತ್ತು, ಏನು ಎಂದು ಕೇಳಲೂ ಇಲ್ಲ. ಹೆಂಗಸರು ಗುಂಡಿಯವರೆಗೆ ಹೋಗುವ ಪದ್ಧತಿಯಿಲ್ಲ. ಎಲ್ಲಿ ಎಂದು ಅವಳು ಇಷ್ಟು ದಿನ ಕೇಳಿರಲಿಲ್ಲ, ಚರ್ಚಿನ ಬಡಗಣ ಗೋಡೆಯ ಆಚೆ, ಹೆಸರಿಲ್ಲದವನ್ನೆಲ್ಲ ಹೊತ್ತು ಮುಳುಗಿದ ಮೇಲೆ ಹಾಕುವ ಕಡೆ ಎಂದು ತಿಳಿದುಕೊಂಡಿದ್ದಳು. ಸಬ್ಬತ್‌ಗಳಲ್ಲಿ ಪ್ರಾರ್ಥನೆಗೆ ತಲೆ ಬಾಗಿಸಿದಾಗ ಅವಳ ಕಿವಿ ಆ ಗೋಡೆಯ ಕಡೆಗಿರುತ್ತಿತ್ತು.

“ಅಲ್ಲಿಗೇ ತಗೊಂಡು ಹೋಗಿದ್ದೆ” ಎಂದ ಗಿಬ್. “ಮುಂಚೆ ಯಾರೋ ಹಾಕಿದ್ದನ್ನ ನರಿಯೋ ನಾಯಿಯೋ ಕೆದಕಿ ಹಾಕಿತ್ತು. ಮನಸ್ಸಾಗಲಿಲ್ಲ. ವಾಪಸ್ ತಂದೆ.”

“ಎಲ್ಲಿಗೆ?”

“ನಮ್ಮ ಮೂಲೇಲೇ. ದೊಡ್ಡ ಕಲ್ಲಿನ ಬಡಗಡೆ. ಅಲ್ಲಿಗೆ ನೇಗಿಲು ಬರಲ್ಲ ನೋಡು.” ಮಜ್ಜಿಗೆ ಕುಡಿದು ತಂಬಿಗೆಯನ್ನು ಎತ್ತಿ ಕೊಟ್ಟ. “ದೇವರು ಬೇಡ ಅಂದದ್ದನ್ನ ಅವನಾದ್ರೂ ಇಟ್ಟುಕೊಳ್ಳಲಿ ಅಂತ ಅನ್ನಿಸ್ತು. ಪಾದ್ರಿಗೆ ಹೇಳಬೇಡ.”

ಅವಳು ತಂಬಿಗೆ ಹಿಡಿದುಕೊಂಡು ನಿಂತಳು. ದೊಡ್ಡ ಕಲ್ಲಿನ ಬಡಗಡೆಯ ಪೊದೆಯೇ ಎಲ್ಲಕ್ಕಿಂತ ಅಗಲ, ಹೊದಿಕೆ ಹರಡಲು ಅನುಕೂಲ. ಪ್ರತಿ ವರ್ಷ ಅಲ್ಲೇ ಹರಡಿದ್ದಾಳೆ. ಇವತ್ತು ಬೆಳಿಗ್ಗೆ ಕೂಡ. ಕತ್ತರಿಸಿದ ಅಂಚು ಮುಳ್ಳಿನೊಳಗೆ ಇಳಿಬಿದ್ದು ನೆಲಕ್ಕೆ ಎಷ್ಟು ಹತ್ತಿರವಿರುತ್ತಿತ್ತು. ಬಟ್ಟೆ ಹಾರಿಹೋಗದಂತೆ ನೋಡಿಕೊಳ್ಳುತ್ತಾ ಆ ಕಲ್ಲಿನ ಮೇಲೆ ಕೂತು ಅವಳು ಕಾಲುಚೀಲ ಹೆಣೆದಿದ್ದಾಳೆ, ಒಮ್ಮೆ ತೂಕಡಿಸಿದ್ದಾಳೆ, ಒಮ್ಮೆ ಊರಿನ ಯಾವುದೋ ಹಾಡು ಗುನುಗಿದ್ದಾಳೆ, ಬಲೆ ಹೆಣೆಯುವಾಗ ಅವ್ವ ಹಾಡುತ್ತಿದ್ದದ್ದು. ಚರ್ಚಿನ ಗೋಡೆಗೆ ಕಿವಿಗೊಟ್ಟು ಕೂತ ಅಷ್ಟು ಸಬ್ಬತ್‌ಗಳು ವ್ಯರ್ಥವಾದವು ಎಂದು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಈ ಮನುಷ್ಯ ಇಷ್ಟು ವರ್ಷ ಆ ಕಲ್ಲಿನ ಹತ್ತಿರ ಕುದುರೆ ತಿರುಗಿಸುತ್ತಾ ಬಾಯಿ ಬಿಡಲಿಲ್ಲ. ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬಂದನಲ್ಲ, ಅಷ್ಟು ದೂರ, ಕತ್ತಲೆಯಲ್ಲಿ.

“ಚೀಲದೊಳಗೆ ಬಟ್ಟೆ ಇತ್ತು” ಎಂದಳು.

“ಹೂಂ.”

“ಯಾರದು ಅಂತ ನೋಡಿದೆಯಾ?”

“ನೋಡಲಿಲ್ಲ ಅಂದ್ಕೊಂಡೆ” ಎಂದ ಅವನು.

ಆಗ ಅವಳು ಅತ್ತೆ ಕೇಳಿದ್ದನ್ನು ಹೇಳಿದಳು. ಹೇಳುತ್ತಿರುವಾಗಲೇ ಅವನ ಮುಖದಲ್ಲಿ ಎಲ್ಲ ಮುಚ್ಚಿಕೊಳ್ಳುತ್ತಾ ಹೋದದ್ದು ಕಂಡಿತು, ಮಳೆ ಬರುವ ಮುಂಚೆ ಮನೆಯ ಬಾಗಿಲುಗಳನ್ನು ಒಂದೊಂದಾಗಿ ಹಾಕಿದ ಹಾಗೆ. ಕೈಯಲ್ಲಿದ್ದ ಸನಿಕೆಯ ಅಲಗನ್ನು ಹೆಬ್ಬೆರಳಿನಿಂದ ಒರೆಸತೊಡಗಿದ. ಅಮ್ಮ ಕೇಳಿದರೆ ತೆಗೆಯುತ್ತೀಯಾ ಎಂದು ಅವಳು ಕೇಳಿದಳು. ಅವನು ಬಹಳ ಹೊತ್ತು ಅಲಗನ್ನೇ ಒರೆಸಿದ.

“ಸಾಯೋ ಮುದುಕಿ ಕಣೇ, ಎಲ್ಸ್‌ಪೆತ್” ಎಂದ ಕೊನೆಗೆ.

ಅದು ಉತ್ತರ. ತಾನು ಅತ್ತರೆ, ಕಾಲು ಹಿಡಿದರೆ, ಅವನು ಸಂಕಟಪಡುತ್ತಾನೆ, ಊಟ ಬಿಡುತ್ತಾನೆ, ತೆಗೆಯುತ್ತಾನೆ. ತಂದು ತಾಯಿಯ ಕೈಗೆ ಕೊಟ್ಟು ಕೊಟ್ಟಿಗೆಗೆ ಹೋಗಿ ಕುದುರೆಯ ಕತ್ತಿಗೆ ಹಣೆಯಿಟ್ಟು ನಿಲ್ಲುತ್ತಾನೆ. ಅವನ ಒಳ್ಳೆಯತನ ಹಾಗೆಯೇ, ಅದರ ಮೇಲೆ ಭಾರ ಹಾಕುವಂತಿಲ್ಲ.

“ನಾನೇ ತಂದುಕೊಡ್ತೀನಿ. ನೀನು ಮುಟ್ಟಬೇಡ, ಹತ್ತಿರಕ್ಕೂ ಹೋಗಬೇಡ. ಅಮ್ಮ ಏನಾದ್ರೂ ಅಂದ್ರೆ, ಅವಳಿಗೆ ಹೇಳಿದ್ದೀನಿ ಅನ್ನು” ಎಂದಳು ಎಲ್ಸ್‌ಪೆತ್.

ಅವನ ಹೆಗಲು ಸಡಿಲವಾದದ್ದು ಅಂಗಿಯ ಮೇಲಿಂದಲೇ ಕಂಡಿತು. ಅವಳಿಗೆ ನಾಚಿಕೆಯಾಯಿತು, ಅವನ ಪರವಾಗಿ. ಅವನು ಮತ್ತೆ ಸನಿಕೆಯನ್ನು ಮಣ್ಣಿಗೆ ಊರಿದ. ಒದ್ದೆ ಇಟ್ಟಿಗೆಯೊಂದು ಅವಳ ಕಾಲ ಬಳಿ ಬಂದು ಬಿತ್ತು.

ಮರಳುವಾಗ ಮೂಲೆಯ ಹತ್ತಿರ ನಿಂತಳು. ಕಲ್ಲಿನ ಬಡಗಡೆ ನೆಲ ಬೇರೆ ನೆಲದಂತೆಯೇ ಇತ್ತು, ಉಬ್ಬಿಲ್ಲ ತಗ್ಗಿಲ್ಲ. ಮಂಡಿಯೂರಬೇಕು ಎನ್ನಿಸಲಿಲ್ಲ. ಮೊದಲು, ತಾನೇ ತೆಗೆದರೆ ಹೇಗೆ ಎಂದು ಯೋಚಿಸಿದಳು. ಬೇರೆ ಯಾರ ಕೈಗಿಂತ ತನ್ನ ಕೈ ವಾಸಿ. ಅಂಥದ್ದನ್ನು ಯೋಚಿಸಬಲ್ಲ ತನ್ನ ತಲೆಯ ಬಗ್ಗೆ ಆಶ್ಚರ್ಯವಾಯಿತು. ಮಣ್ಣು ಇಷ್ಟು ವರ್ಷದಲ್ಲಿ ಏನನ್ನು ಬಿಟ್ಟಿರುತ್ತದೆ, ಏನನ್ನು ತಿಂದಿರುತ್ತದೆ, ಬಟ್ಟೆ ಯಾವುದಕ್ಕೆ ಅಂಟಿರುತ್ತದೆ... ಅಲ್ಲಿಗೆ ನಿಲ್ಲಿಸಿದಳು. ಇಲ್ಲ. ಅದು ಹೊದ್ದುಕೊಂಡದ್ದನ್ನು ಎಳೆದು ತೆಗೆಯುವುದಿಲ್ಲ. ಹಾಗೆಂದುಕೊಂಡ ಮೇಲೆ ಉಳಿದದ್ದು ಅಡುಗೆಯ ಲೆಕ್ಕಾಚಾರದಷ್ಟು ಸರಳವಾಗಿತ್ತು. ಅತ್ತೆಗೆ ಬೇಕಾದದ್ದು ಕೈಯಲ್ಲಿ ಹಿಡಿದು ಸುಡಲು ಒಂದು ಬಟ್ಟೆ. ಗಿರಣಿಯದನ್ನು ಕೊಟ್ಟರೆ ಆ ಬೆರಳುಗಳು ಕ್ಷಣದಲ್ಲಿ ಹಿಡಿಯುತ್ತವೆ. ಅವಳ ಬಾಯಿಯ ನೀರು ಸೇರಿದ ನೂಲೇ ಬೇಕು. ಅದು ಇರುವುದು ಒಂದೇ ಕಡೆ, ಪೆಟ್ಟಿಗೆಯಲ್ಲಿ, ಒಳಗೆ ಮಡಚಿದ ಅದೇ ಅಂಚಿನಲ್ಲಿ. ಇನ್ನೊಂದು ಅಷ್ಟೇ ಅಗಲದ ತುಂಡು. ಒಂದೆರಡು ದಿನ ಜೌಗಿನ ಕಂದು ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು, ಉಗುರಿನಿಂದ ಎಳೆ ಬಿಚ್ಚಿ ಅಲ್ಲಲ್ಲಿ ತೂತು ಮಾಡಿದರೆ ಸಾಕು.

ಅತ್ತೆ ಅದನ್ನು ಒಲೆಗೆ ಹಾಕುತ್ತಾಳೆ. ಕಾಲು ಬೆಚ್ಚಗಾಯಿತು ಎನ್ನಬಹುದು, ಎದ್ದು ಕೂರಲೂಬಹುದು. ಭಯವಿಲ್ಲದೆ ಸಾಯಬಹುದು. ಮತ್ತೆ ಇಲ್ಲಿರುವುದು ಇಲ್ಲೇ ಇರುತ್ತದೆ, ಅತ್ತೆಯನ್ನು ಮಣ್ಣಿಗೆ ಎಳೆಯುವುದಾದರೆ ಎಳೆಯುತ್ತಿರುತ್ತದೆ. ಇದನ್ನು ತಿಳಿದೇ ಮಾಡುತ್ತಿದ್ದೇನೆ ಎಂದು ಅವಳು ತನಗೆ ಸ್ಪಷ್ಟವಾಗಿ ಹೇಳಿಕೊಂಡಳು, ಈ ಸಲವಾದರೂ ಮೆತ್ತಗಿತ್ತು ಎಂಬ ಕಾರಣ ಬೇಡ. ಎಳೆಯಲಿ. ಅಷ್ಟು ಸಣ್ಣ ಕೈಗೆ ಹಿಡಿದುಕೊಳ್ಳಲು ಬೇರೆ ಏನಿದೆ? ಹೀಗೆ ಅಂದುಕೊಂಡದ್ದಕ್ಕೆ ಭಯವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಹಸಿದಿತ್ತು.

ಮನೆಯಲ್ಲಿ ಗ್ರಿಜೆಲ್ ಎಚ್ಚರವಿದ್ದಳು. ಬಾಗಿಲ ಬೆಳಕು ಅಲುಗಿದ್ದಕ್ಕೇ ತಲೆಯೆತ್ತಿ, ಗಿಬ್ ಏನಂದ ಎಂದು ಕೇಳಿದಳು. ಶನಿವಾರ ನಾನೇ ತರುತ್ತೇನೆ, ಜಾಗ ಗೊತ್ತಾಗಿದೆ ಎಂದಳು ಎಲ್ಸ್‌ಪೆತ್. ಮುದುಕಿ ಅವಳ ಕೈಯನ್ನು ಹುಡುಕಿ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. “ಮಗಳೇ” ಎಂದಳು. ಈ ಮನೆಗೆ ಬಂದ ಮೇಲೆ ಮೊದಲ ಸಲ. ಎಲ್ಸ್‌ಪೆತ್ ಕೈಯನ್ನು ಅಲ್ಲೇ ಬಿಟ್ಟಳು, ಅದು ತಾನಾಗಿ ಸಡಿಲವಾಗುವವರೆಗೆ.

ಆಮೇಲೆ ಬೋಗುಣಿಯಲ್ಲಿ ಬಿಸಿನೀರು ತಂದು, ಕಂಬಳಿ ಸರಿಸಿ, ಪ್ರತಿ ಸಂಜೆಯಂತೆ ಅತ್ತೆಯ ಕಾಲು ತೊಳೆಯಲು ಕೂತಳು. ಹಿಮ್ಮಡಿ ಬಿರಿದಿತ್ತು, ಚರ್ಮ ನೀರಿಗೆ ಬಿದ್ದ ಕಾಗದದಂತೆ. ಬಟ್ಟೆ ಹಿಂಡಿ ಬೆರಳುಗಳ ಸಂದಿ ಒರೆಸುತ್ತಾ, ಮೀನಖಂಡದ ಮೇಲೆ ಮೇಲಕ್ಕೆ ಹೋಗುತ್ತಾ, ಅವಳ ಅಂಗೈ ತಾನಾಗಿ ಗೇಣು ಹಾಕುತ್ತಿತ್ತು. ಇನ್ನೊಂದು ತುಂಡು ಹೋದರೆ ಹೊದಿಕೆ ಮಂಡಿಯ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ತನ್ನ ಗಿರಣಿಬಟ್ಟೆಯನ್ನು ಒಳಗಿನಿಂದ ಸುತ್ತಿಬಿಡಬೇಕು. ತನಗೆ ಅದು ಬೇಕಾಗಿಲ್ಲ, ತನ್ನ ಕಡೆಯವರು ತೊಟ್ಟದ್ದರಲ್ಲೇ ಹೋಗುವವರು. ಸುತ್ತುವವಳು ತಾನೇ, ಬಾಥಿಯಾ ಕೇಳಿದರೆ ಇಲಿ ಇದ್ದೇ ಇದೆ. “ಬಿಸಿ ಹೆಚ್ಚಾಯ್ತಾ, ಅತ್ತೆ?” ಎಂದು ಕೇಳಿದಳು. ಗ್ರಿಜೆಲ್ ಕಣ್ಣು ಮುಚ್ಚಿಕೊಂಡೇ, ಇಲ್ಲ, ಏನೂ ಗೊತ್ತಾಗುತ್ತಿಲ್ಲ ಎಂದಳು.